ಚಪ್ಪಲಿಯ ತುಂಡು

ನಮ್ಮ ಮನೆಯ ತಿಜೋರಿಯಲ್ಲಿ ಒಂದು ಜರಿ ಶಾಲಿತ್ತು. ಹೆಂಡತಿ ಅದಕ್ಕೆ ಇಸ್ತ್ರಿ ಮಾಡಿಸಿ, ಡಾಂಬರ್ ಗುಳಿಗೆ ಹಾಕಿ ಇಟ್ಟಿದ್ದಳು. ಬೀಗರು ಬಂದರೆ ತೆಗೆದು ತೋರಿಸುತ್ತಿದ್ದಳು. ಹೊಳಿಗೆ ಮಹಾಪೂರ ಬಂದಾಗ ನಮ್ಮವರು ಒಬ್ಬರ ಜೀವ ಉಳಿಸಿದ್ದಕ್ಕೆ ಹೊದಿಸಿದ್ದು ಎನ್ನುತ್ತಿದ್ದಳು. ಆಗ ನಾನು ಎಮ್ಮೆಗೆ ನೀರು ಕುಡಿಸುವ ನೆವ ಹೇಳಿ ಹಿತ್ತಲಿಗೆ ಹೋಗುತ್ತಿದ್ದೆ. ಎಮ್ಮೆ ಆಗ ತಾನೇ ಕುಡಿದಿದ್ದರೂ ಸರಿ, ಇನ್ನೊಂದು ಬಕೆಟ್ ಮುಂದಿಡುತ್ತಿದ್ದೆ.

ನಾನು ಮೇಲವಂಕಿ ಕಡೆಯವನು. ಇಪ್ಪತ್ತು ವರ್ಷ ಕಬ್ಬಿನ ಟ್ರ್ಯಾಕ್ಟರ್ ಓಡಿಸಿದವನು. ಘಟಪ್ರಭೆ ಉಕ್ಕಿ ಹೊಲಕ್ಕೆ ನುಗ್ಗುವುದು ನಮಗೆ ಹೊಸದಲ್ಲ. ಒಂದು ವರ್ಷ ನಮ್ಮ ಕಡೆಗೆ ರಬ್ಬರಿನ ಮೋಟಾರ್ ಬೋಟ್ ಬಂತು. ಅದನ್ನು ನಡೆಸಲು ಊರೂರಿನ ಡ್ರೈವರುಗಳನ್ನು ಕರೆಸಿ, ಹುಕ್ಕೇರಿ ಕಡೆಯ ಡ್ಯಾಮಿನ ಹಿನ್ನೀರಿನಲ್ಲಿ ಮೂರು ದಿನ ಕಲಿಸಿದರು. ಕಲಿಸಿದವರು ಘೋಡಗೇರಿಯ ಒಬ್ಬ ನಿವೃತ್ತ ಸೈನಿಕರು. ಎಲ್ಲರಿಗೂ ಅವರು ಮಿಲ್ಟ್ರಿ ಕಾಕಾ.

ಬೋಟಿಗೆ ಸ್ಟೇರಿಂಗ್ ಇರಲಿಲ್ಲ. ಹಿಂದಿನ ಎಂಜಿನ್ನಿಗೆ ಒಂದು ಹಿಡಿಕೆ. ಅದನ್ನು ಎಡಕ್ಕೆ ತಳ್ಳಿದರೆ ಬೋಟು ಬಲಕ್ಕೆ ತಿರುಗುತ್ತದೆ, ಅದರ ತುದಿ ತಿರುವಿದರೆ ವೇಗ ಏರುತ್ತದೆ. ಗೇರು ಮುಂದೆ, ಹಿಂದೆ, ನ್ಯೂಟ್ರಲ್, ಅಷ್ಟೇ. ಬ್ರೇಕ್ ಇಲ್ಲ.

"ಬ್ರೇಕ್ ಇಲ್ಲದ್ದ ಓಡಸೂದು ನಮಗ ಹೊಸಾದೇನ್ರಿ ಕಾಕಾ? ಕಬ್ಬಿನ ಟ್ರೇಲರಿಗೆ ಎಲ್ಲೈತಿ ಬ್ರೇಕ್?" ಎಂದೆ. ಎಲ್ಲರೂ ನಕ್ಕರು. ಕಾಕಾ ನಗದೆ ಒಂದು ಕೆಂಪು ಹುರಿ ಎತ್ತಿ ತೋರಿಸಿದರು. ಅದರ ತುದಿಗೆ ಪ್ಲಾಸ್ಟಿಕ್ಕಿನ ಕ್ಲಿಪ್ಪಿತ್ತು. ಎಂಜಿನ್ ನಿಲ್ಲಿಸುವ ಗುಂಡಿಯ ಕೆಳಗೆ ಆ ಕ್ಲಿಪ್ ಸಿಕ್ಕಿಸಿದ್ದರೆ ಮಾತ್ರ ಎಂಜಿನ್ ಓಡುತ್ತದೆ. ಹುರಿಯ ಇನ್ನೊಂದು ತುದಿ ನಡೆಸುವವನ ಮುಂಗೈಗೆ.

"ನೀ ನೀರಿಗೆ ಬಿದ್ದಿ ಅಂದ್ರ ಕ್ಲಿಪ್ ಕಿತ್ತು ಬರತೈತಿ, ಎಂಜಿನ್ ಬಂದ್ ಆಗತೈತಿ. ಇಲ್ಲಾಂದ್ರ ಬೋಟ್ ಗಿರಕಿ ಹೊಡದು ನಿನ್ನ ಮ್ಯಾಲ ಬರತೈತಿ. ಕೆಳಗ ಪಂಕಾ ತಿರಗಾಕತ್ತಿರತೈತಿ, ನೆನಪಿರಲಿ."

ಮೊದಲ ದಿನವೇ ನಾನು ಯಾರನ್ನೋ ನೋಡಲು ಹೊರಳಿದ್ದಕ್ಕೆ ಹುರಿ ಜಗ್ಗಿ, ನಡುನೀರಿನಲ್ಲಿ ಎಂಜಿನ್ ನಿಂತಿತು. ಮರುದಿನ ಮತ್ತೆ ಹಾಗೇ ಆಯಿತು. "ಏನಪಾ, ಬೋಟ್ ನೀ ಹಿಡದೀಯೋ, ಬೋಟ್ ನಿನ್ನ ಕಟ್ಟಿಹಾಕೇತೋ?" ಎಂದು ದಂಡೆಯಿಂದ ಒಬ್ಬ ಕೂಗಿದ. ಇಪ್ಪತ್ತು ವರ್ಷದ ಡ್ರೈವರಿಕೆ ಆ ಒಂದು ಮಾತಿಗೆ ಮಣ್ಣಾಯಿತು ಅನಿಸಿತು.

ನಮ್ಮ ಟ್ರ್ಯಾಕ್ಟರಿನವರ ಗುಣವೇ ಬೇರೆ. ಕೀಲಿ ಕಳೆದರೆ ಮೊಳೆ ತುರುಕುತ್ತೇವೆ, ಸ್ಟಾರ್ಟರ್ ಕೆಟ್ಟರೆ ಸ್ಕ್ರೂಡ್ರೈವರ್ ತಾಗಿಸುತ್ತೇವೆ. ಕಂಪನಿಯವನು ಬೇಕೆಂದು ಇಟ್ಟದ್ದನ್ನು ತಪ್ಪಿಸಿ ಗಾಡಿ ಓಡಿಸಿದವನೇ ನಮ್ಮಲ್ಲಿ ಜಾಣ. ಹೊಳೆ ಏರಿದ ದಿನ ನಾನೂ ಜಾಣನಾದೆ. ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ಒಂದು ತುಂಡು ಕೊಯ್ದು ಗುಂಡಿಯ ಕೆಳಗೆ ಒತ್ತಿ ಕೂರಿಸಿದೆ. ಎಂಜಿನ್ ಒಂದೇ ಏಟಿಗೆ ಚಾಲೂ ಆಯಿತು. ಹುರಿಯನ್ನು ಮುಂಗೈಗೆ ಕಟ್ಟಿಕೊಂಡು, ಕ್ಲಿಪ್ಪಿದ್ದ ತುದಿಯನ್ನು ರೇನ್‌ಕೋಟಿನ ತೋಳಿನೊಳಗೆ ಬಚ್ಚಿಟ್ಟೆ.

"ಕಟ್ಟೀ ಏನಪಾ ಹುರಿ?" ಬೋಟಿನ ಮುಂದೆ ಹಗ್ಗ ಹಿಡಿದು ಕುಳಿತಿದ್ದ ಕಾಕಾ ಕೇಳಿದರು.

"ಕಟ್ಟೇನ್ರಿ" ಎಂದು ಕೈ ಎತ್ತಿ ತೋರಿಸಿದೆ. ಅವರು ಕೆಂಪು ಕಂಡು ತಲೆಯಾಡಿಸಿದರು. ನಾನು ಸುಳ್ಳನ್ನು ಬಾಯಿಂದ ಹೇಳಿರಲಿಲ್ಲ, ಆದ್ದರಿಂದ ಅದು ಸುಳ್ಳಲ್ಲ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನಾಚಿಕೆಗೇಡು.

ಮೂಡಲಗಿ ಕಡೆ ಒಂದು ತೋಟದ ಮನೆಯ ಮಾಳಿಗೆಯ ಮೇಲೆ ಒಬ್ಬ ವಯಸ್ಸಾದ ಆಯಿ ಮತ್ತು ಅವಳ ಹರೆಯದ ಮಗ ನಿಂತಿದ್ದರು. ಇಬ್ಬರಿಗೂ ತೇಲುವ ಜಾಕೀಟು ತೊಡಿಸಿ ಹತ್ತಿಸಿಕೊಂಡೆವು. ಮಗ ನನ್ನ ಮಗ್ಗುಲಲ್ಲೇ ಕುಳಿತ. ಕಬ್ಬಿನ ಗರಿಗಳ ತುದಿಯಷ್ಟೇ ನೀರ ಮೇಲೆ ಕಾಣುತ್ತಿತ್ತು. ಸೇತುವೆ ಹತ್ತಿರವಾದಾಗ ಅಲ್ಲಿ ಮಂದಿ ಮೊಬೈಲ್ ಹಿಡಿದು ನಿಂತದ್ದು ಕಂಡಿತು. ನಾನು ಎದ್ದು ನಿಂತೆ. ಕೂತು ನಡೆಸಬೇಕೆಂದು ಕಾಕಾ ನೂರು ಸಲ ಹೇಳಿದ್ದರು. ಆದರೆ ಕೂತರೆ ವಿಡಿಯೋದಲ್ಲಿ ಏನು ಕಂಡೇನು?

ನೀರಿನಡಿ ಯಾವುದೋ ಹೊಲದ ಕಲ್ಲುಕಂಬವಿತ್ತು. ಬೋಟು ಅದಕ್ಕೆ ತಾಗಿ ಜಿಗಿಯಿತು. ನಾನು ಬೀಳುವಾಗ ಕೈಗೆ ಸಿಕ್ಕದ್ದನ್ನು ಹಿಡಿದೆ. ಸಿಕ್ಕದ್ದು ಆ ಮಗನ ಅಂಗಿ. ಇಬ್ಬರೂ ನೀರಿಗೆ ಬಿದ್ದೆವು.

ಎಂಜಿನ್ ನಿಲ್ಲಲಿಲ್ಲ. ಬೋಟು ಗಿರಕಿ ಹೊಡೆದು, ಕಾಕಾ ಹೇಳಿದಂತೆಯೇ, ನಮ್ಮ ಕಡೆ ಬಂತು. ಕಾಕಾ ಮುಂದಿನಿಂದ ತೆವಳಿ ಬಂದು ಗುಂಡಿ ಒತ್ತಿದರು. ಚಪ್ಪಲಿಯ ತುಂಡು ಅಡ್ಡವಾಗಿ ಅದು ಒಳಗೆ ಹೋಗಲಿಲ್ಲ. ಕ್ಲಿಪ್ ಕಿತ್ತೆಸೆಯಲು ಹುರಿ ಹುಡುಕಿದರು. ಹುರಿ ನನ್ನ ಕೈಯಲ್ಲಿತ್ತು. ಅವರು ವೇಗ ಇಳಿಸಿ ನ್ಯೂಟ್ರಲ್ಲಿಗೆ ತರುವಷ್ಟರಲ್ಲಿ ಪಂಕಾ ಆ ಮಗನ ಮೊಳಕಾಲ ಕೆಳಗೆ ಹರಿದಿತ್ತು. ನಾನು ಅವನ ಅಂಗಿ ಬಿಟ್ಟಿರಲಿಲ್ಲ. ಭಯಕ್ಕೆ ಕೈ ಬಿಡಿಸಲು ಬಂದಿರಲಿಲ್ಲ.

ಸೇತುವೆಯ ವಿಡಿಯೋದಲ್ಲಿ ಕಂಡದ್ದು ಬೇರೆ. ಒಬ್ಬ ನೀರಿಗೆ ಬೀಳುತ್ತಾನೆ, ಇನ್ನೊಬ್ಬ ಹಿಂದೆಯೇ ಹಾರಿ ಅವನ ಅಂಗಿ ಹಿಡಿದು ತೇಲಿಸುತ್ತಾನೆ. ಸಂಜೆಯ ಹೊತ್ತಿಗೆ ಆ ಇನ್ನೊಬ್ಬ ಊರಿಗೆಲ್ಲ ಗೊತ್ತಾಗಿದ್ದ. ಮಗನಿಗೂ ಬಿದ್ದ ಗಳಿಗೆಯ ನೆನಪಿರಲಿಲ್ಲ. ಅವನೂ ವಿಡಿಯೋ ನೋಡಿಯೇ ನಂಬಿದ. ಕಾಲು ಉಳಿಯಿತು, ಕುಂಟು ಉಳಿಯಿತು. ಆಮೇಲೆ ಎಲ್ಲಿ ಸಿಕ್ಕರೂ "ಅಣ್ಣಾರ" ಎಂದು ಕೈ ಹಿಡಿಯುತ್ತಿದ್ದ.

ಗೋಕಾಕದಲ್ಲಿ ಸನ್ಮಾನ ಇಟ್ಟರು. ಶಾಲು ಹೊದಿಸಲು ಆಯಿಯನ್ನೇ ವೇದಿಕೆಗೆ ಕರೆದರು. ಅವಳು ಹೊದಿಸಿ, ಹೆಗಲ ಮೇಲೆ ಸರಿಮಾಡುತ್ತ, ನನಗಷ್ಟೇ ಕೇಳುವಂತೆ ಹೇಳಿದಳು: "ನೀ ಅವನ ಅಂಗಿ ಹಿಡದದ್ದು ಬೋಟಿನ್ಯಾಗ, ನೀರಾಗ ಅಲ್ಲ. ನಾ ನೋಡೇನಪಾ."

ನಾನು ಮಂದಿಗೆ ಕೈಮುಗಿದೆ. ಚಪ್ಪಾಳೆ ಬಿತ್ತು. ಹೊರಗೆ ಬಂದಾಗ ಕಾಕಾ ನನ್ನ ಅಂಗೈಯಲ್ಲಿ ಚಪ್ಪಲಿಯ ತುಂಡಿಟ್ಟು "ನಿಂದು" ಎಂದರು. ಅವರು ಯಾರಿಗೂ ಹೇಳಲಿಲ್ಲ. ಆಯಿಯೂ ಮಗನಿಗೆ ಹೇಳಲಿಲ್ಲ. ನಾನೇ ಹೇಳಲಿ ಎಂದು ಇಬ್ಬರೂ ಬಿಟ್ಟಿರಬೇಕು. ನಾನು ಮೂರು ಮಳೆಗಾಲ ಹೇಳಲಿಲ್ಲ.

ಹೋದ ವರ್ಷ ಕಾಕಾರ ಕಣ್ಣು ಮಂಜಾಗಿ, ಕಲಿಸುವ ಕೆಲಸ ನನಗೆ ಬಂತು. ಕಲಿಯಲು ಬಂದವರಲ್ಲಿ ಆ ಮಗನೂ ಇದ್ದ. "ನಿಮ್ಮ ಹಾಂಗ ನಾನೂ ನಾಕ ಮಂದೀನ ಉಳಸಬೇಕ್ರಿ ಅಣ್ಣಾರ" ಎಂದು ಹಿನ್ನೀರಿನ ದಂಡೆಯಲ್ಲಿ, ಎಲ್ಲರೆದುರು, ಮುಂಗೈ ಮುಂದೆ ಚಾಚಿದ. ನಾನು ಹುರಿ ಕಟ್ಟಲು ಹೋದೆ. ಅರ್ಧಕ್ಕೇ ಬಿಟ್ಟೆ. ಕಿಸೆಯಿಂದ ಚಪ್ಪಲಿಯ ತುಂಡು ತೆಗೆದೆ. ಗುಂಡಿ, ಹುರಿ, ಅಂಗಿ, ಎಲ್ಲ ಹೇಳಿದೆ.

ಅವನು ಆ ತುಂಡನ್ನು ತಿರುವಿ ನೋಡಿದ. "ನಮ್ಮವ್ವಗ ಗೊತ್ತೈತಿ?"

"ಮೊದಲಿಂದ ಗೊತ್ತೈತಿ."

ಹುರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನನ್ನದೇ ಮುಂಗೈಗೆ ಎರಡು ಗಂಟು ಬಿಗಿದ. ಕ್ಲಿಪ್ಪನ್ನು ತಾನೇ ಗುಂಡಿಯ ಕೆಳಗೆ ಸಿಕ್ಕಿಸಿದ. ಕುಂಟುತ್ತ ಹೋಗಿ ಬೋಟಿನ ಮುಂದೆ ಕಾಕಾ ಕೂರುತ್ತಿದ್ದ ಜಾಗದಲ್ಲಿ ಕುಳಿತ, ನೀರಿನ ಕಡೆ ಬೆನ್ನು ಮಾಡಿ, ನನ್ನ ಕಡೆ ಮುಖ ಮಾಡಿ.

"ನಡಸ್ರಿ, ನೋಡತೇನಿ" ಎಂದ. ಅಣ್ಣಾರ ಎನ್ನಲಿಲ್ಲ.