ಚಂದ್ರನ ಸೈಟಿಗೆ ಸಾಕ್ಷಿ

ನಮ್ಮನೆಯವರು ಪತ್ರ ಬರೆಯೋರು. ನೋಂದಣಿ ಕಚೇರಿ ಮೆಟ್ಟಿಲ ಪಕ್ಕ ಒಂದು ಮೇಜು, ಒಂದು ಟೈಪ್‌ರೈಟರ್, ಮೂವತ್ತೆರಡು ವರ್ಷ. ಮನೆಯೋ ಸೈಟೋ, ನಾಲ್ಕು ದಿಕ್ಕಿನ ಚಕ್ಕುಬಂದಿ ಟೈಪ್ ಮಾಡಿ, ಕೊನೆಗೆ ಕೈಯಾರೆ ಒಂದು ಸಾಲು ಸೇರಿಸ್ತಾರೆ: ‘ಸ್ಥಳವನ್ನು ಖುದ್ದಾಗಿ ನೋಡಿದ್ದೇನೆ, ಎಲ್ಲೆಗಳು ಸರಿ ಇವೆ.’ ಕೆಳಗೆ ಸಹಿ. ಆ ಸಾಲಿಲ್ಲದ ಪತ್ರ ಉಪ್ಪಿಲ್ಲದ ಅಡುಗೆ ಅಂತಾರೆ.

ಹೋದ ವರ್ಷ ಚಂದ್ರನ ಮೇಲೆ ಸೈಟು ಮಾರೋ ಕಂಪನಿಯೊಂದು ಬಂತು. ರಾಕೆಟ್ ಹೋಗುತ್ತಂತೆ, ಗಣಿ ತೆಗೀತಾರಂತೆ, ಈಗ ತಗೊಂಡೋನೇ ಜಾಣನಂತೆ. ಇನ್ನೂರು ಪತ್ರ ಇವರ ಕೈಲೇ ಬರೆಸಿದರು. ಪೂರ್ವಕ್ಕೆ ದೊಡ್ಡ ಗುಂಡಿ, ಪಶ್ಚಿಮಕ್ಕೆ ಗಣಿಗೆ ಬಿಟ್ಟ ಜಾಗ. ಊಟ ಬಡಿಸ್ತಾ ಕೇಳಿ ಬಿದ್ದು ಬಿದ್ದು ನಕ್ಕಿದ್ದೆ, ನನ್ನ ಹಣೆಬರಹ!

ಮೊನ್ನೆ ಕಂಪನಿಯೋರು ಬೀಗ ಜಡಿದು ಪರಾರಿ. ತನಿಖೆ ಅಧಿಕಾರಿ ಇವರಿಗೆ ಬರಹೇಳಿದರು. ಅಭ್ಯಾಸಬಲ ನೋಡಿ, ಇನ್ನೂರು ಪತ್ರದಲ್ಲೂ ಆ ಸಾಲಿದೆ! ಜೈಲು ಗ್ಯಾರಂಟಿ ಅಂದರಂತೆ ಪಕ್ಕದ ಮೇಜಿನೋರು. ಮೂರು ದಿನ ಇವರು ಮೇಜಿನ ಹತ್ತಿರವೂ ಹೋಗಲಿಲ್ಲ. ಬಾಗಿಲು ಸದ್ದಾದರೆ ಸಾಕು, ನಾನು ಕಿಟಕಿಯಲ್ಲಿ ಇಣುಕ್ತಿದ್ದೆ. ಬೈದೆ, ಅತ್ತೆ, ಮತ್ತೆ ಬೈದೆ. ಕೊನೆಗೆ ನಾನೇ ಜೊತೆಗೆ ಹೊರಟೆ. ‘ನೋಡಿಲ್ಲ ಸಾರ್, ಅಭ್ಯಾಸಕ್ಕೆ ಬರೆದುಬಿಟ್ಟೆ, ತಪ್ಪಾಯ್ತು’ ಅಂತ ಬಾಯಿಪಾಠ ಮಾಡಿಸಿದ್ದೆ.

ಅಧಿಕಾರಿ ಪತ್ರಗಳನ್ನು ತಿರುವಿ ಹಾಕಿದರು. “ಚಂದ್ರ ಏನು ಯಾರಪ್ಪನ ಮನೆ ಗಂಟಾ? ಯಾವ ದೇಶಕ್ಕೂ ಸೇರದ್ದನ್ನ ಅವರು ಮಾರಿದ್ರು, ನೀವು ನೋಡಿದ್ದೀನಿ ಅಂತ ಸಹಿ ಹಾಕಿದ್ರಿ. ನೋಡದೇ ತಾನೆ? ಹಾಗಾದ್ರೆ ಈ ಊರಿನ ಮನೆಗಳ ಪತ್ರವನ್ನೆಲ್ಲ ಹೇಗೆ ಬರೆದ್ರಿ?”

ಅಯ್ಯೋ, ಅದನ್ನ ನಾನು ಯೋಚಿಸಿಯೇ ಇರಲಿಲ್ಲ. ಇವರು ಕಿಟಕಿಯಾಚೆ ಬೀದಿ ನೋಡಿದರು. ಆಮೇಲೆ ಕೈಕಟ್ಟಿ ನಿಂತು, “ಇದನ್ನೂ ನೋಡಿಯೇ ಬರೆದೆ ಸಾರ್. ಚಂದ್ರನಿಗೆ ಹೋಗಿದ್ದೆ” ಅಂದರು.

ಅಧಿಕಾರಿ ನಗಲಿಲ್ಲ. “ಅಮ್ಮಾ, ಇವರನ್ನ ಡಾಕ್ಟರಿಗೆ ತೋರಿಸಿ. ಪತ್ರ ಬರೆಯೋ ಲೈಸೆನ್ಸ್ ಇಲ್ಲೇ ಬಿಟ್ಟು ಹೋಗಿ.”

ಮೆಟ್ಟಿಲಿಳಿಯುವಾಗ ಕೇಳಿದೆ, “ಹುಚ್ಚು ಹಿಡೀತಾ ನಿಮಗೆ? ಅನ್ನಕ್ಕೇ ಕಲ್ಲು ಹಾಕ್ಕೊಂಡ್ರಲ್ಲ!”

“ನೋಡಿಲ್ಲ ಅಂದಿದ್ರೆ ಊರಲ್ಲಿ ಒಂದೊಂದೇ ಮನೆ ಬಾಗಿಲು ತಟ್ಟಿ ಎಲ್ಲೆ ಅಳೆಯೋರು ಕಣೇ. ನಿನ್ನ ತಂಗಿ ಮನೆ ಪತ್ರವೂ ನಂದೇ.”

ಮನೆಗೆ ಬಂದವಳೇ ಬೀರು ತೆಗೆದು ನಮ್ಮನೆ ಪತ್ರ ಹುಡುಕಿದೆ. ಕೊನೆಯಲ್ಲಿ ಅದೇ ದುಂಡಗಿನ ಅಕ್ಷರ, ಅದೇ ಸಾಲು. ಮೇಲಿನ ಚಕ್ಕುಬಂದಿ ಓದಿದೆ. ಪೂರ್ವಕ್ಕೆ ರಸ್ತೆ ಅಂತಿದೆ. ನಮ್ಮ ಪೂರ್ವಕ್ಕಿರೋದು ಪಕ್ಕದವರ ಅಡುಗೆಮನೆ ಗೋಡೆ. ಇನ್ನೊಮ್ಮೆ ಓದಿದೆ. ರಸ್ತೆಯೇ.

“ರೀ,” ಪತ್ರ ಇವರ ಮುಂದೆ ಹಿಡಿದೆ, “ಇಪ್ಪತ್ತು ವರ್ಷದಿಂದ ನಾವಿರೋದು ಯಾರ ಸೈಟಲ್ಲಿ?”

ಇವರು ಪತ್ರ ಇಸ್ಕೊಂಡು ಮಡಚಿದರು.

“ಮೆಲ್ಲಗೆ ಮಾತಾಡು. ಗೋಡೆಯಾಚೆ ಕೇಳಿಸುತ್ತೆ.”