ವೆಂಕೋಬ ಹಿಡಿದ ಅಂತರಪಟ

ನನ್ನ ಅಕ್ಕ ಪಾರಮ್ಮನ ಗಂಡ ವೆಂಕೋಬನಿಗೆ ಹುಟ್ಟಿನಿಂದ ಬಂದ ಆಸ್ತಿ ಎರಡೇ: ನಡುಗದ ಕೈ, ಬಗ್ಗದ ಕುತ್ತಿಗೆ. ಗಂಗಾವತಿಯಲ್ಲಿ ಕಿರಾಣಿ ಅಂಗಡಿಯಿಂದ ಅಕ್ಕಿ ಗಿರಣಿಯವರೆಗೆ ಯಾರಿಗೆ ಬೋರ್ಡು ಬೇಕಾದರೂ ಅವನ ಮನೆ ಮುಂದೆ ಕಾಯಬೇಕಿತ್ತು. ಏಣಿ ಏರಿ, ಸ್ಕೇಲು ಮುಟ್ಟದೆ ಗೆರೆ ಎಳೆಯುತ್ತಿದ್ದ. ಕೆಳಗೆ ನಿಂತವರು ಅಕ್ಷರ ಇನ್ನಷ್ಟು ದಪ್ಪ ಇರಲಿ ಎಂದರೆ, ಬ್ರಷ್ಷನ್ನು ಅವರ ಕೈಗೇ ಕೊಟ್ಟು ಇಳಿದುಬಿಡುತ್ತಿದ್ದ.

ಆಮೇಲೆ ಫ್ಲೆಕ್ಸ್ ಬಂತು. 2005ರ ಹೊತ್ತಿಗೆ ಊರಿನ ಸರ್ಕಲ್ಲುಗಳಲ್ಲಿ ಹುಟ್ಟುಹಬ್ಬದವರೂ ಸತ್ತವರೂ ಒಂದೇ ನಗು ನಗುತ್ತ ನೇತಾಡತೊಡಗಿದರು. ವೆಂಕೋಬನ ಜೊತೆಗಾರರೆಲ್ಲ ಫ್ಲೆಕ್ಸ್ ಅಂಗಡಿ ಸೇರಿಕೊಂಡರು. ಇವನನ್ನೂ ಕರೆಯಲು ಬಂದರು.

"ಮಷಿನ್ ಉಗುಳಿದ್ದನ್ನ ಹೊತ್ತು ತಿರುಗಾಕ ನನ್ನ ಕೈ ಯಾಕ ಬೇಕ್ರಿ?" ಎಂದು ಬಾಗಿಲು ಹಾಕಿಕೊಂಡ. ಅಕ್ಕ ಹತ್ತಿರದ ಮರಳಿ ಎಂಬ ಊರಿನ ಗದ್ದೆಗಳಿಗೆ ನಾಟಿಗೆ ಹೋಗಿ ಮನೆ ನಡೆಸಿದಳು. ಸ್ವಾಭಿಮಾನ ಗಂಡನದು, ಸೊಂಟನೋವು ಹೆಂಡತಿಯದು. ಇದನ್ನು ನಾನು ಅವನ ಮುಖದ ಮೇಲೇ ಹೇಳಿದ್ದೇನೆ.

ಪಕ್ಕದ ಓಣಿಯ ಚಾಂದಬೀ, ಕೊಪ್ಪಳ ಜಿಲ್ಲೆಯಾದ ಹೊಸದರಲ್ಲಿ ಹೆಣ್ಣುಮಕ್ಕಳ ತರಬೇತಿಯೊಂದರಲ್ಲಿ ಬಾಟಿಕ್ ಕಲಿತಿದ್ದಳು. ಕಾಸಿದ ಮೇಣದಿಂದ ಬಟ್ಟೆಯ ಮೇಲೆ ಚಿತ್ರ ಬರೆದು ಬಣ್ಣದ ನೀರಿಗೆ ಅದ್ದುವುದು, ಕೊನೆಗೆ ಬಟ್ಟೆ ಕುದಿಸಿ ಮೇಣ ತೆಗೆಯುವುದು. ಅವಳು ಮೇಣದಲ್ಲಿ ಹೂ ಬಿಡಿಸುವುದನ್ನು ಒಂದು ದಿನ ವೆಂಕೋಬ ಕಂಡ. "ಬ್ರಷ್ಷಿನ ಕೆಲಸ ಅಲ್ಲೇನು, ಕೊಡ್ರಿಲ್ಲೆ" ಎಂದು ಕೂತೇಬಿಟ್ಟ. ಕೆಂಪು ಗಿಣಿ ಬೇಕೆಂದು ಗಿಣಿಯ ಮೈತುಂಬ ಮೇಣ ಬಳಿದು ಕೆಂಪು ಬಣ್ಣಕ್ಕೆ ಅದ್ದಿದ. ಕುದಿಸಿ ತೆಗೆದರೆ ಬಟ್ಟೆಯೆಲ್ಲ ಕೆಂಪು, ಗಿಣಿ ಮಾತ್ರ ಬೆಳ್ಳಗೆ! ಬೋರ್ಡು ಬರೆದ ಕೈಗೆ ಬಳಿದಲ್ಲಿ ಬಣ್ಣ ಬರಬೇಕು; ಇಲ್ಲಿ ಬಳಿದಲ್ಲಿ ಬಣ್ಣ ಸುಳಿಯುವುದಿಲ್ಲ.

ಚಾಂದಬೀ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಣ್ಣಾ, ನೀವು ಬಳದಿದ್ದು ಬಣ್ಣ ಅಲ್ರಿ. ಮೇಣ ಅಂದ್ರ ಬಣ್ಣಕ್ಕ ಬ್ಯಾಡ ಅನ್ನೂದು."

ಆ ಮಾತು ಅವನಿಗೆ ನಾಟಿತು. ಬೇಡ ಅನ್ನುವುದರಲ್ಲಿ ಇವನನ್ನು ಮೀರಿಸುವವರು ಯಾರು? ಅಂದಿನಿಂದ ಅವನ ಅಂಗಳದಲ್ಲಿ ಮೇಣದ ವಾಸನೆ ಆರಲಿಲ್ಲ. ಆನೆಗುಂದಿಗೆ ಬರುವ ಪ್ರವಾಸಿಗರು ಅವನ ಬಟ್ಟೆ ಹುಡುಕಿಕೊಂಡು ಬರತೊಡಗಿದರು, ಅಕ್ಕ ಗದ್ದೆಯ ಕೆಲಸ ಬಿಟ್ಟಳು.

2011ರಲ್ಲಿ ಮಗಳು ಕವಿತಾಳಿಗೆ ಕುಕನೂರಿನ ವ್ಯಾಪಾರಿ ಉಮಾಪತಿಯವರ ಮಗ ಪ್ರವೀಣಕುಮಾರ ಗೊತ್ತಾದ. ವೆಂಕೋಬ ಬೀಗರಿಗೆ ಹೇಳಿದ್ದು ಒಂದೇ ಮಾತು: ಕಲ್ಯಾಣ ಮಂಟಪದ ಬಾಗಿಲಿಗೆ ಫ್ಲೆಕ್ಸ್ ಬೇಡ, ನನ್ನ ಬಟ್ಟೆ ಇರಲಿ. ಅವರು ಹೂಂ ಅಂದಿದ್ದರು.

ಏಪ್ರಿಲ್ ಬಿಸಿಲಿಗೆ ಮೇಣ ಗಟ್ಟಿಯಾಗದೆ ಜಾರುತ್ತಿತ್ತು. ಸೋಡಾ ಅಂಗಡಿಯಿಂದ ಐಸ್ ತಂದು ಹಾಕಿದ ನೀಲಿ ಬಣ್ಣದ ನೀರಿಗೆ ಬಟ್ಟೆ ಮುಳುಗಿಸಿದ. ಮೇಣ ಅತಿಯಾಗಿ ಬಿರಿದು, ಬಾಳೆಗೊನೆ, ತೋರಣ, ಗಿಣಿಗಳ ಮೈಮೇಲೆಲ್ಲ ಬಣ್ಣ ನುಗ್ಗಿ ನೀಲಿ ಗೆರೆಗಳು ಹರಿದವು. ಅಕ್ಕ ಹೌಹಾರಿದಳು. ಇವನು ಮಾತ್ರ, "ನಮ್ಮವ್ವನ ಸುಕ್ಕುಗಟ್ಟಿದ ಕೆನ್ನಿ ಇದ್ದಾಂಗ ಐತಿ, ಭಾಳ ಛಲೋ ಆತು" ಎಂದ.

ಮದುವೆಯ ಮುನ್ನಾದಿನ ಉಮಾಪತಿಯವರು ಬಾಗಿಲಲ್ಲಿ ಅದನ್ನು ನೋಡಿ ಮುಖ ಹಿಂಡಿದರು. "ಬೀಗ್ರ, ಇದರಾಗ ಹೆಸರೇ ಇಲ್ಲಲ್ರಿ! ಯಾರ ಮದುವಿ ಅಂತ ಮಂದಿಗೆ ಹೆಂಗ ತಿಳೀಬೇಕು?"

"ಯಾರ ಮದುವಿ ಅಂತ ತಿಳೀದವ್ರು ಉಣ್ಣಾಕ ಯಾಕ ಬರ್ತಾರ್ರಿ?"

"ಒಡದ ಗಡಗಿ ಹಂಗ ಬಿರುಕು ಬ್ಯಾರೆ ಬಿಟ್ಟೈತಿ. ಶುಭ ಕಾರ್ಯ ಐತ್ರಿ ಇದು" ಎಂದು ಗೊಣಗಿ ಹೋದರು.

ಬೆಳಗಾಗುವುದರೊಳಗೆ ಅವರ ಕಡೆಯವರು ಬಟ್ಟೆಯನ್ನು ಬಿಚ್ಚಿ ಮೂಲೆಗೆ ಎಸೆದು ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಮದುಮಕ್ಕಳ ಫೋಟೋ ಅಂಗೈಯಷ್ಟು, ಉಮಾಪತಿಯವರದು ಬಾಗಿಲಿನಷ್ಟು. ಕಟ್ಟಲು ಏರಿದ್ದು ವೆಂಕೋಬನ ಏಣಿಯನ್ನೇ. ನನ್ನ ಮೈ ಉರಿದುಹೋಯಿತು. ವೆಂಕೋಬ ಮೂಲೆಗೆ ನಡೆದ. ಬಟ್ಟೆಯ ಧೂಳು ಝಾಡಿಸಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡ.

ಮುಹೂರ್ತಕ್ಕೆ ಮದುಮಕ್ಕಳನ್ನು ಎದುರುಬದುರು ನಿಲ್ಲಿಸಿ ನಡುವೆ ಅಂತರಪಟ ಹಿಡಿಯುತ್ತಾರೆ. ಆ ಪರದೆ ಇಳಿದ ಮೇಲೆಯೇ ಒಬ್ಬರ ಮುಖ ಒಬ್ಬರು ನೋಡುವುದು, ಅಕ್ಕಿಕಾಳು ಬೀಳುವುದು. ಹಿಡಿಯುವುದು ಸೋದರಮಾವನಾದ ನನ್ನ ಕೆಲಸ. ಆಚಾರ್ರು ಬಿಳಿ ಪಂಚೆ ತೆಗೆಯುವಷ್ಟರಲ್ಲಿ ವೆಂಕೋಬ ತನ್ನ ಬಟ್ಟೆಯನ್ನು ಬಿಡಿಸಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾನೇ ಹಿಡಿದ. ಮಂತ್ರ ಮುಗಿಯಿತು, ವಾದ್ಯ ಜೋರಾಯಿತು. ನಾನು ಇಳಿಸಹೋದೆ. ಅವನು ಇಳಿಸಲಿಲ್ಲ.

"ಬೀಗ್ರ, ಮುಹೂರ್ತ ಮೀರಾಕತ್ತೈತಿ!" ಎಂದು ಉಮಾಪತಿಯವರು ಕೂಗಿದರು.

"ಹೊರಗಿಂದು ಇಳೀಲ್ರಿ. ಆಮ್ಯಾಲ ಇದು ಇಳೀತೈತಿ."

ವಾದ್ಯ ನಿಂತಿತು. ಬಂದವರೆಲ್ಲ ಅಕ್ಕಿ ಹಿಡಿದ ಕೈ ಎತ್ತಿದಂತೆಯೇ ನಿಂತರು. ಅಕ್ಕ ಅಳುತ್ತ ಮುಂದೆ ಬಂದಳು. "ಮಗಳ ಬಾಳಿನ ಮಾತೈತ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅಲ್ಲಿ ಅವನು ಸೋತ. ಎಂದೂ ನಡುಗದ ಆ ಕೈ ನಡುಗುವುದನ್ನು ಬಟ್ಟೆಯ ಈ ತುದಿಯಲ್ಲಿ ನಾನು ಕಂಡೆ. ಬಟ್ಟೆ ಒಂದು ಗೇಣು ಇಳಿಯಿತು.

"ಅಪ್ಪಾ," ಬಟ್ಟೆಯ ಮರೆಯಿಂದ ಕವಿತಾಳ ದನಿ ಬಂತು, "ಇಳಸಬ್ಯಾಡ. ಗಟ್ಟಿ ಹಿಡಿ."

ಆ ಕಡೆಯಿಂದ ಮದುಮಗನೂ ಬಾಯಿ ಬಿಟ್ಟ. "ಅಪ್ಪಾ, ಅದನ್ನ ಬಿಚ್ಚಸು. ನನ್ನ ಕೈಯಾಗಿನ ಅಕ್ಕಿ ಬೆವರಿಗೆ ಅನ್ನ ಆಗಾಕತ್ತೈತಿ."

ಉಮಾಪತಿಯವರು ಸುತ್ತ ನೋಡಿದರು. ಯಾರೂ ಅವರ ಕಡೆಗಿರಲಿಲ್ಲ. ಏಣಿ ಎಲ್ಲಿ ಐತಿ ಎಂದು ಸಣ್ಣ ದನಿಯಲ್ಲಿ ಕೇಳಿದರು.

ವೆಂಕೋಬ ಬಟ್ಟೆಯನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದಿದ್ದ. "ಬಾಗಲ ಹತ್ರ ನಂದೇ ಐತಿ, ತಗೋರಿ" ಎಂದ. "ಎರಡನೇ ಮೆಟ್ಟಲ ಅಲುಗಾಡ್ತೈತಿ, ಹುಷಾರ್ರಿ."