ನಿನ್ನ ಥಿಯರಿಯ ಕೆಳಗೆ ನಾನು ಬರೆದದ್ದು

ಪವಿತ್ರಾ, ಹನ್ನೊಂದು ವರ್ಷದ ಹಿಂದೆ ಸುಳ್ಳು ಹೆಸರಿನಲ್ಲಿ ನಿನ್ನನ್ನು ಎಲ್ಲರೆದುರು ಹೀಯಾಳಿಸಿದವನು ನಾನೇ. ಯಾರೋ ಬೆಂಗಳೂರಿನವನು ಎಂದು ನಿನಗೆ ಹೇಳಿದ್ದು ಸುಳ್ಳು. ಮೂಡಿಗೆರೆಯ ನಮ್ಮ ಅಂಗಡಿಯಲ್ಲಿ, ಹಾಡಹಗಲಲ್ಲಿ, ಗಿರಾಕಿಗಳಿಗೆ ಕತ್ತಿ, ಗೊಬ್ಬರ ಕೊಡುತ್ತಾ ನಡುನಡುವೆ ಕೂತು ಬರೆದೆ.

ಬೇರೆಯವರು ಇದನ್ನು ಓದಿದರೆ ನಗಬಹುದು. ಸಿನಿಮಾ — ಅದೂ ಗಾಳಿಯನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲಿಸುವ ನಾಯಕನ ಸಿನಿಮಾ. ಎರಡು ಭಾಗ ಬಂದಿದ್ದವು. ಮೂರನೆಯದರಲ್ಲಿ ಏನಾಗುತ್ತದೆಂದು ಊಹಿಸಿ ಬರೆಯುವ ಕನ್ನಡದವರ ಗುಂಪೊಂದು ಇಂಟರ್ನೆಟ್ಟಿನಲ್ಲಿತ್ತು. ಆ ಊಹೆಗಳಿಗೆ ನಾವು ಥಿಯರಿ ಎನ್ನುತ್ತಿದ್ದೆವು. ಗುಂಪು ಕಟ್ಟಿದವನು ನಾನು. ಅಂಗಡಿಯಲ್ಲಿ ನಾನು ಅಪ್ಪ ಹೇಳಿದ್ದನ್ನು ಎತ್ತಿಕೊಡುವ ಮಗ ಅಷ್ಟೆ. ಗುಂಪಿನಲ್ಲಿ ಮಾತ್ರ ಜನ ನನ್ನ ಮಾತಿಗೆ ಕಾಯುತ್ತಿದ್ದರು. ಅದು ಬಿಟ್ಟರೆ ನನ್ನದು ಅಂತ ಏನೂ ಇರಲಿಲ್ಲ.

ನೀನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಬಾಳೂರಿನ ಬಸ್ಸು ಬರುವವರೆಗೆ ನಮ್ಮ ಅಂಗಡಿಯ ಜಗಲಿಯಲ್ಲಿ ನಿಲ್ಲುತ್ತಿದ್ದೆ. ಆ ಸಿನಿಮಾಗಳನ್ನು ನಿನಗೆ ತೋರಿಸಿದವನೂ ನಾನೇ — ನನ್ನ ಲ್ಯಾಪ್‌ಟಾಪಿನಲ್ಲಿ, ಬಸ್ಸು ಬರುವಷ್ಟರಲ್ಲಿ ಆದಷ್ಟು, ತುಂಡು ತುಂಡಾಗಿ. ಒಂದು ದಿನ ಇದ್ದಕ್ಕಿದ್ದಂತೆ ನೀನು ಹೇಳಿದೆ:

"ಕುಮಾರಣ್ಣ, ಮೂರನೇದ್ರಲ್ಲಿ ನಾಯಕ ಸಾಯ್ತಾನೆ ನೋಡಿ. ಅವ್ನ ಶಕ್ತಿ ಆ ನರ್ಸಿಗೆ ಹೋಗತ್ತೆ."

ಯಾವ ನರ್ಸು? ಎರಡೂ ಸಿನಿಮಾಗಳಲ್ಲಿ ನಾಯಕನ ಗಾಯಕ್ಕೆ ಬಟ್ಟೆ ಕಟ್ಟಿ ಹೋಗುವ, ಹೆಸರೂ ಇಲ್ಲದ ಹೆಂಗಸು. ನಾನು ನಕ್ಕೆ. ಆಗ ನೀನು ಅಮ್ಮ ಕೂಲಿಗೆ ಹೋಗುವ ತೋಟದ ಕೆಲಸ ನೆನಪಿಸಿದೆ. ಕಾಫಿ ಗಿಡದ ಕಾಂಡದಲ್ಲಿ ಏಳುವ ಬೇಡದ ಚಿಗುರನ್ನೆಲ್ಲ ನಿನ್ನ ಅಮ್ಮ ಕೈಯಲ್ಲೇ ಮುರಿದು ಹಾಕುತ್ತಾರೆ. ಮುದಿಯಾದ ಗಿಡದ ಬುಡದಲ್ಲಿ ಮಾತ್ರ ಒಂದು ಗಟ್ಟಿ ಚಿಗುರನ್ನು ಮುಟ್ಟದೆ ಬಿಡುತ್ತಾರೆ.

"ಒಂದನ್ನ ಬಿಟ್ಟಿದಾರೆ ಅಂದ್ರೆ ಹಳೇ ಕಾಂಡ ಕಡಿಯೋಕೇ ಅಲ್ವಾ? ಈ ಕಥೆ ಬರ್ದೋರೂ ನಾಯಕನ ಸುತ್ತ ಇದ್ದೋರ್ನೆಲ್ಲ ಸಾಯಿಸ್ಕೊಂಡು ಬಂದಿದಾರೆ. ಆಸ್ಪತ್ರೆ ಕುಸಿದಾಗ್ಲೂ ಅವಳೊಬ್ಬಳನ್ನ ಉಳಿಸಿದಾರೆ. ಯಾಕೆ ಹೇಳಿ?"

ತೋಟದ ಕತ್ತಿ, ಗರಗಸ ಮಾರುವ ಮನೆಯವನು ನಾನು. ಚಿಗುರು ಬಿಡುವ ವಿಷಯ ನನಗೂ ಗೊತ್ತಿತ್ತು. ಹೊಳೆದದ್ದು ಮಾತ್ರ ನಿನಗೆ.

ಬರಿ, ಗುಂಪಿನಲ್ಲಿ ಹಾಕು ಎಂದೆ ನಾನು. ದೊಡ್ಡ ಮನಸ್ಸಿನಿಂದ ಅಲ್ಲ — ಯಾರೂ ಓದುವುದಿಲ್ಲ ಎಂಬ ಧೈರ್ಯದಿಂದ. ನೀನು ಕಾಲೇಜಿನ ಕಂಪ್ಯೂಟರಿನಲ್ಲಿ ಕೂತು ಬರೆದೆ. ಎರಡೇ ದಿನದಲ್ಲಿ ಗುಂಪಿನ ತುಂಬ ಅದೇ ಮಾತು. ನಾಯಕ ಕಾಲದಲ್ಲಿ ಹಿಂದಕ್ಕೆ ಹೋಗಿ ಸತ್ತವರನ್ನೆಲ್ಲ ಬದುಕಿಸುತ್ತಾನೆ ಎಂಬ ನನ್ನ ಥಿಯರಿಯನ್ನು ಯಾರೂ ಮೂಸಿಯೂ ನೋಡಲಿಲ್ಲ. ಒಂದು ಪತ್ರಿಕೆಯ ಸಿನಿಮಾ ಪುಟದವರು ಇಂಥದ್ದೇ ಬರೆದು ಕಳಿಸುತ್ತೀರಾ ಎಂದು ನಿನ್ನನ್ನು ಕೇಳಿದರು. ನೀನು ಓಡುತ್ತಾ ಬಂದು ಹೇಳಿದ್ದು ನನಗೇ. "ನಂಗೂ ಬರೆಯೋಕೆ ಬರತ್ತೆ ಅಂತ ಗೊತ್ತೇ ಇರ್ಲಿಲ್ಲ ಕುಮಾರಣ್ಣ" ಎಂದೆ. ನನಗೆ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಒಳ್ಳೆಯ ಪದ ಹುಡುಕುವುದಿಲ್ಲ.

ಮರುದಿನ ಸುಳ್ಳು ಹೆಸರಿನ ಖಾತೆಯೊಂದನ್ನು ತೆರೆದು ನಿನ್ನ ಬರಹದ ಕೆಳಗೆ ಬರೆದೆ: "ಚಿಗುರು ಮುರಿಯೋಳ ಮಗಳಿಗೆ ಸಿನಿಮಾ ಕಥೆ ಯಾಕೆ? ತೋಟಕ್ಕೆ ಹೋಗು, ಮೇಸ್ತ್ರಿ ಕಾಯ್ತಿದಾನೆ."

ಜನ ನಕ್ಕರು. ನಕ್ಕವರು ತಮ್ಮದೂ ಒಂದೊಂದು ಮಾತು ಸೇರಿಸಿದರು — ಅವುಗಳನ್ನು ಇಲ್ಲಿ ಮತ್ತೆ ಬರೆಯಲಾರೆ. ಗುಂಪು ನನ್ನದು, ಒಂದು ಗುಂಡಿ ಒತ್ತಿದ್ದರೆ ಎಲ್ಲ ಅಳಿಸಿಹೋಗುತ್ತಿತ್ತು. ಒತ್ತಲಿಲ್ಲ.

ಸಂಜೆ ನೀನು ಬಂದಾಗ ಕಣ್ಣು ಕೆಂಪಾಗಿತ್ತು. "ಯಾರದು ಕುಮಾರಣ್ಣ?" ಎಂದೆ.

"ಯಾರೋ ಬೆಂಗಳೂರಿನವ್ನು. ತೆಗ್ದುಬಿಡು ಮಾರಾಯ್ತಿ. ಪತ್ರಿಕೆಗೂ ಕಳಿಸ್ಬೇಡ, ಅಲ್ಲೂ ಹಿಂಗೇ ನಗ್ತಾರೆ."

ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎನ್ನುತ್ತಾರಲ್ಲ — ನಾನು ನಿನಗೆ ಕಾಫಿಯನ್ನೂ ತರಿಸಿಕೊಟ್ಟೆ. ನನ್ನ ಪಕ್ಕದಲ್ಲಿ ಕೂತು, ನನ್ನ ಲ್ಯಾಪ್‌ಟಾಪಿನಲ್ಲೇ ನೀನು ನಿನ್ನ ಬರಹವನ್ನು ಅಳಿಸಿದೆ. ಆಮೇಲೆ ಬಸ್ಸು ಬಂತು, ನೀನು ಹೋದೆ.

ಮರುವರ್ಷ ಸಿನಿಮಾ ಬಂತು. ಚಿಕ್ಕಮಗಳೂರಿನ ಟಾಕೀಸಿನಲ್ಲಿ ಕೂತಿದ್ದೆ. ನಾಯಕ ಸತ್ತ. ನರ್ಸು ಮುಷ್ಟಿ ಬಿಗಿದಳು, ಗಾಳಿ ನಿಂತಿತು. ಜನ ಎದ್ದು ಶಿಳ್ಳೆ ಹೊಡೆಯುತ್ತಿದ್ದರೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಗುಂಪಿನವರಿಗೆ ಕಾಫಿ ಗಿಡದ ಮಾತು ನೆನಪಿತ್ತು, ಬರೆದವರ ಹೆಸರು ಮರೆತಿತ್ತು. ಇದನ್ನು ಮೊದಲೇ ಹೇಳಿದ್ದು ನೀವೇ ಅಲ್ಲವಾ ಎಂದು ಒಬ್ಬ ನನ್ನನ್ನು ಕೇಳಿದ. ಅಷ್ಟರಲ್ಲಿ ನೀನು ಗುಂಪು ಬಿಟ್ಟಾಗಿತ್ತು. ನಾನು "ಹೌದು" ಎಂದು ಬರೆದೆ. ಇವತ್ತಿಗೂ ಆ ಥಿಯರಿ ನನ್ನ ಹೆಸರಿನಲ್ಲೇ ಇದೆ. ಹೊಸಬರು ಗುಂಪಿಗೆ ಸೇರಿದಾಗ ಹಳಬರು ಅದನ್ನೇ ಹೇಳಿ ನನ್ನ ಪರಿಚಯ ಮಾಡಿಕೊಡುತ್ತಾರೆ.

ಹೋದ ತಿಂಗಳು ನೀನು ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದೆಯಲ್ಲ, ಕತ್ತಿ ಕೊಳ್ಳಲು. ನನ್ನ ಫೋನಿನಲ್ಲಿ ಹೊಸ ಭಾಗದ ಪೋಸ್ಟರು ಇತ್ತು. ಮೂರನೇ ಕ್ಲಾಸಿನ ಆ ಹುಡುಗಿ ಇಣುಕಿ ನೋಡಿ, "ಮಾಮ, ಈ ಸಲ ಏನಾಗತ್ತೆ ಗೊತ್ತಾ? ನಂಗನ್ಸೋದು—" ಎಂದಳು. ನೀನು ಅವಳ ಭುಜ ಹಿಡಿದು ನಿಲ್ಲಿಸಿದೆ.

"ಸುಮ್ನಿರು. ಅದೆಲ್ಲ ನಮ್ಮಂಥೋರಿಗೆ ಗೊತ್ತಾಗಲ್ಲ. ಕುಮಾರಣ್ಣನ್ನ ಕೇಳು, ಅವ್ರು ಹೇಳ್ತಾರೆ."

ಸಿಟ್ಟಿನಿಂದ ಹೇಳಲಿಲ್ಲ ನೀನು. ಬಿಸಿಲಿದೆ, ಕೊಡೆ ಹಿಡಿ ಎನ್ನುವಷ್ಟು ಸಹಜವಾಗಿ ಹೇಳಿದೆ. ನಾನು ಏನೋ ಒಂದು ಕಥೆ ಕಟ್ಟಿದೆ, ಮಗು ತಲೆಯಾಡಿಸಿತು. ನೀವು ಹೋದಮೇಲೆ ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ ನನಗೆ.

ಇನ್ನೊಂದು ಸಂಶಯ ಅವತ್ತೇ ಹುಟ್ಟಿತು. ನಿನ್ನ ಬರಹದಲ್ಲಿ ಬರೀ ಕಾಫಿ ಗಿಡವಿತ್ತು; ಅಮ್ಮ ತೋಟದಲ್ಲಿ ಕೆಲಸ ಮಾಡುತ್ತಾರೆಂದು ನೀನು ಎಲ್ಲೂ ಬರೆದಿರಲಿಲ್ಲ. ಗುಂಪಿನಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬನಿಗೆ. ಎರಡು ನಿಮಿಷ ಬಂದು ಹೋಗುವ ನರ್ಸನ್ನು ಗುರುತಿಸಿದವಳು ನೀನು — ಇದನ್ನು ಗುರುತಿಸದೆ ಇರುತ್ತೀಯಾ? ಗೊತ್ತಿದ್ದೂ ನನ್ನ ಪಕ್ಕದಲ್ಲಿ ಕೂತು ಕಾಫಿ ಕುಡಿದೆಯಾ? ಗೊತ್ತಿದ್ದೂ ಇಷ್ಟು ವರ್ಷ ಅಣ್ಣ ಎಂದೆಯಾ? ಕೇಳುವ ಮುಖ ನನಗಿಲ್ಲ.

ಇದನ್ನು ಇವತ್ತೇ ಗುಂಪಿನಲ್ಲಿ ಹಾಕುತ್ತಿದ್ದೇನೆ, ನನ್ನ ಹೆಸರಿನಲ್ಲೇ. ಅದಕ್ಕೂ ಮೊದಲು ನಿನಗೆ ಕಳಿಸಿದ್ದೇನೆ. ಕ್ಷಮಿಸು ಎನ್ನುವುದಿಲ್ಲ, ಆಗ ಅದೂ ನನಗೋಸ್ಕರವೇ ಕೇಳಿದಂತಾಗುತ್ತದೆ. ಆದರೆ ಅವತ್ತು ನಿನ್ನ ಮಗಳು ಶುರು ಮಾಡಿದ ಮಾತು ಮುಗಿಯಲಿಲ್ಲ. ನೀನು ತಡೆದೆ, ನಾನು ಕೇಳಲಿಲ್ಲ. ಅವಳಿಗೆ ಏನನ್ನಿಸಿತ್ತು ಅಂತ ಕೇಳು, ಪವಿತ್ರಾ. ಪೂರ್ತಿ ಹೇಳಲು ಬಿಡು.